ಹಿತ್ತಲ ಶೆಡ್ಡು, ಮೂವರು ದೋಸ್ತರು, ಅವ್ವನ ಸ್ಟೂಲು

ಅವ್ವನ ಮೊಣಕಾಲು ನೋವಿಗೆ ಈಗ ಎರಡು ವರ್ಷ. ಕೆಳಗೆ ಕೂತು ರೊಟ್ಟಿ ಬಡಿಯುವುದನ್ನು ಡಾಕ್ಟರು ಬಿಡಿಸಿದ್ದಾರೆ. ಅಡುಗೆ ಕಟ್ಟೆಯ ಮುಂದೆ ನಿಂತು ಬಡಿದರೆ ಸೊಂಟ ಹಿಡಿಯುತ್ತದೆ. ಪ್ಯಾಟಿಯಿಂದ ತಂದ ಪ್ಲಾಸ್ಟಿಕ್ ಸ್ಟೂಲು ಗಿಡ್ಡ ಆಯ್ತು. ಆನ್‌ಲೈನ್‌ನಲ್ಲಿ ತರಿಸಿದ ಕಬ್ಬಿಣದ್ದು ಎತ್ತರ ಆಯ್ತು.

"ನನ್ನ ಅಳತೀದು ಯಾರೂ ಮಾಡಂಗೇ ಇಲ್ಲೇನೋ ತಮ್ಮಾ?" ಅಂದಳು ಅವ್ವ.

"ನಾ ಮಾಡ್ತೀನಿ ಬಿಡವ್ವ" ಅಂದುಬಿಟ್ಟೆ.

ದಿನಾ ಎಂಟು ತಾಸು ಲ್ಯಾಪ್‌ಟಾಪ್ ಮುಂದೆ ಕೂರೋ ಮನುಷ್ಯ ನಾನು. ಕೈಯಲ್ಲಿ ಗರಗಸ ಹಿಡಿದದ್ದು ಶಾಲೆಯಲ್ಲಿ ಒಂದೇ ಸಲ. ಆದರೂ ಯುಗಾದಿ ಮುಗಿದ ಮೇಲೆ ಹಿತ್ತಲದಲ್ಲಿ ಕಟ್ಟಿಗೆ ಕೆಲಸಕ್ಕೊಂದು ಶೆಡ್ಡು ಎದ್ದಿತು. ಅದು ಎದ್ದದ್ದು ನನ್ನ ಶಾಣ್ಯಾತನದಿಂದಲ್ಲ, ಮೂವರು ದೋಸ್ತರಿಂದ ಮತ್ತು ಒಬ್ಬ ಕಾಕಾನಿಂದ. ನೀವೂ ಮನೆಯಲ್ಲಿ ಹಿಂಗೊಂದು ಮೂಲೆ ಮಾಡ್ಕೋಬೇಕು ಅಂತಿದ್ದರೆ, ನಾವು ತಪ್ಪಿದ್ದು ಎಲ್ಲಿ, ತಿದ್ದಿಕೊಂಡಿದ್ದು ಹೆಂಗ ಅನ್ನೋದು ಈ ವಾರದ ಮಾತು.

ಎರಿ ಮಣ್ಣಿನ ಮ್ಯಾಲೆ ಏನೂ ಸುಮ್ಮನೆ ನಿಲ್ಲಂಗಿಲ್ಲ

ನಮ್ಮ ಮನೆ ಇರೋದು ಹುಬ್ಬಳ್ಳಿಯ ಗದಗ ರಸ್ತೆ ಕಡೆ. ಧಾರವಾಡದ ಪಡುವಣಕ್ಕೆ ಹೋದರೆ ಕೆಂಪು ಮಣ್ಣು, ನಮ್ಮ ಕಡೆ ಕಪ್ಪು ಎರಿ ಮಣ್ಣು. ನಾನು ಮಾಡಿದ್ದ ಪ್ಲಾನ್ ಭಾಳ ಸರಳ: ನೆಲದ ಮೇಲೆ ನಾಲ್ಕು ಪರ್ಶಿ ಹಾಸೋದು, ನಾಲ್ಕು ಕಂಬ ನಿಲ್ಲಿಸೋದು, ಮೇಲೆ ಪತ್ರಾಸು ಹೊದಿಸೋದು.

ಧಾರವಾಡದ ದೋಸ್ತ ಸಿವಿಲ್ ಇಂಜಿನಿಯರ್. ಶನಿವಾರ ಮುಂಜಾನೆ ಚಿಗರಿ ಬಸ್ ಹತ್ತಿ ಬಂದ, ಹಿತ್ತಲ ನೋಡಿದ, ನಕ್ಕ.

"ಲೇ, ಬ್ಯಾಸಗ್ಯಾಗ ಈ ನೆಲ ಬಿರುಕು ಬಿಟ್ಟಿದ್ದು ನೋಡಿಲ್ಲೇನು? ಮಳಿ ಬಿದ್ದ ಮ್ಯಾಲೆ ಇದು ಹಿಟ್ಟು ಉಬ್ಬಿದಂಗ ಉಬ್ಬತೈತಿ. ನಿನ್ನ ಪರ್ಶಿ ಒಂದೊಂದು ಒಂದೊಂದು ಕಡೆ ಮಾರಿ ಮಾಡ್ತಾವ."

ಎರಿ ಮಣ್ಣು ನೀರು ಕುಡಿದರೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಮೇಲೆ ಹಗುರವಾದ ಶೆಡ್ಡು ಇದ್ದರೆ ಅದನ್ನೂ ಎತ್ತಿ ಇಳಿಸುತ್ತದೆ. ಅದಕ್ಕೆ ಅವನು ಹೇಳಿದಂತೆ ಒಂದೂವರೆ ಅಡಿ ಎರಿ ಮಣ್ಣು ತೆಗೆದು ಹಾಕಿದೆವು. ಆ ಜಾಗಕ್ಕೆ ಗರಸು ತುಂಬಿ, ಪದರ ಪದರವಾಗಿ ನೀರು ಹೊಡೆದು, ಬಡಿದು ಗಟ್ಟಿ ಮಾಡಿದೆವು. ಮೇಲೆ ನಾಲ್ಕು ಇಂಚು ಕಾಂಕ್ರೀಟ್. ಶೆಡ್ಡಿನ ನೆಲ ಹಿತ್ತಲಕ್ಕಿಂತ ಅರ್ಧ ಅಡಿ ಎತ್ತರ ಇರಬೇಕು, ಇಲ್ಲದಿದ್ದರೆ ಮೊದಲ ಮಳೆಗೇ ನೀರು ಒಳಗೆ.

ಅಳತೆ 9 ಅಡಿ ಅಗಲ, 12 ಅಡಿ ಉದ್ದ. ಈ ಅಳತೆಗೂ ಒಂದು ಕಾರಣ ಇದೆ. ಬದಿಗಳು 9 ಮತ್ತು 12 ಇದ್ದು, ಮೂಲೆಯಿಂದ ಮೂಲೆಗೆ ಸರಿಯಾಗಿ 15 ಅಡಿ ಬಂದರೆ ಮೂಲೆ ಕಾಟಕೋನದಲ್ಲಿದೆ ಅಂತ ಅರ್ಥ. ಶಾಲೆಯಲ್ಲಿ ಓದಿದ 3-4-5ರ ಲೆಕ್ಕವನ್ನೇ ಮೂರು ಪಟ್ಟು ಮಾಡಿದ್ದು ಅಷ್ಟೇ. ನಾನು ಮೊದಲ ಸಲ ಹಗ್ಗ ಕಟ್ಟಿದಾಗ 15 ಅಡಿ 2 ಇಂಚು ಬಂತು. ಜಗತ್ತಿನಲ್ಲೇ ಅತಿ ಉದ್ದದ, 1,507 ಮೀಟರಿನ ರೈಲ್ವೆ ಪ್ಲಾಟ್‌ಫಾರ್ಮ್ ಇರೋ ಊರಿನವ ನಾನು. 9 ಅಡಿ ಅಳೆಯೋಕೆ ಬರಲಿಲ್ಲ ಅಂತ ದೋಸ್ತರು ಇವತ್ತಿಗೂ ಕಾಡುತ್ತಾರೆ.

ವೆಲ್ಡಿಂಗು, ಕರೆಂಟು

ಎರಡನೇ ದೋಸ್ತ ರೈಲ್ವೆ ವರ್ಕ್‌ಶಾಪಿನವ. 19ನೇ ಶತಮಾನದಲ್ಲಿ ಸದರ್ನ್ ಮರಾಠಾ ರೈಲ್ವೆಯ ಕಾಲಕ್ಕೆ ಶುರುವಾದ ವರ್ಕ್‌ಶಾಪ್ ಅದು. ಆಗ ಬೋಗಿಗಳ ಮೈಯೆಲ್ಲ ಕಟ್ಟಿಗೆ. ಈಗ ಎಲ್ಲ ಉಕ್ಕು. ಅವನ ಕೈಗೆ ವೆಲ್ಡಿಂಗ್ ಅಂದರೆ ನಮಗೆ ಮೊಬೈಲಿನಲ್ಲಿ ಟೈಪ್ ಮಾಡಿದಂಗ. ಎರಡು ರವಿವಾರದಲ್ಲಿ ಕಬ್ಬಿಣದ ಪೈಪಿನ ಚೌಕಟ್ಟು ನಿಂತಿತು. ಮುಂಗಾರು ಗಾಳಿ ನಮ್ಮಲ್ಲಿ ಪಡುವಣದಿಂದ ಬೀಸೋದರಿಂದ ಬಾಗಿಲು ಮೂಡಣಕ್ಕೆ. ಪತ್ರಾಸಿನ ಕೆಳಗೆ, ಗೋಡೆಯ ಮೇಲಂಚಿಗೆ, ಗಾಳಿಯಾಡಲು ಒಂದು ಗೇಣು ಜಾಗ ಬಿಟ್ಟು ಜಾಳಿಗೆ ಬಡಿದೆವು. ಏಪ್ರಿಲ್ ಬಿಸಿಲಿಗೆ ಪತ್ರಾಸಿನ ಕೆಳಗೆ ನಿಂತವರಿಗೆ ಆ ಒಂದು ಗೇಣಿನ ಬೆಲೆ ಗೊತ್ತು.

ಮೂರನೆಯವ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್. ಅಡುಗೆಮನೆಯ ಪಾಯಿಂಟಿನಿಂದ ಎಕ್ಸ್‌ಟೆನ್ಷನ್ ಬೋರ್ಡ್ ಎಳೆದು ಕೆಲಸ ಮುಗಿಸೋಣ ಅಂತ ನನ್ನ ವಿಚಾರ. ಅವನು ಕೇಳಲಿಲ್ಲ. ಲೆಕ್ಕ ಹಾಕಿ ತೋರಿಸಿದ: 1,400 ವ್ಯಾಟಿನ ಸರ್ಕ್ಯುಲರ್ ಗರಗಸ 230 ವೋಲ್ಟಿನಲ್ಲಿ ಸುಮಾರು 6 ಆಂಪಿಯರ್ ಎಳೆಯುತ್ತದೆ, ಶುರುವಾಗೋ ಕ್ಷಣಕ್ಕೆ ಇನ್ನೂ ಜಾಸ್ತಿ. ಸಣ್ಣ ವೈರು ಬಿಸಿಯಾಗುತ್ತದೆ. ಕೆಳಗೆ ಬಿದ್ದಿರೋದು ಒಣ ಕಟ್ಟಿಗೆ ಹೊಟ್ಟು. ಮುಂದಿನದು ನೀವೇ ಊಹಿಸಿ.

ಹಾಗಾಗಿ ಮೇನ್ ಬೋರ್ಡಿನಿಂದ ಬೇರೆ ಲೈನು, 16 ಆಂಪಿಯರಿನ ಸಾಕೆಟ್ಟು, ಸರಿಯಾದ ಅರ್ಥಿಂಗ್, 30 ಮಿಲಿ ಆಂಪಿಯರ್ ಸೋರಿದರೂ ಕರೆಂಟ್ ಕಡಿಯುವ ಆರ್‌ಸಿಸಿಬಿ. ಮಳೆಗಾಲದಲ್ಲಿ ಹಸಿ ಕಾಲಿನಲ್ಲಿ ಶೆಡ್ಡಿಗೆ ಹೋಗೋರಿಗೆ ಈ ಡಬ್ಬಿ ಜೀವ ಉಳಿಸುತ್ತದೆ. ಇದರಲ್ಲಿ ಮಾತ್ರ ದುಡ್ಡು ಉಳಿಸಬೇಡಿ.

ಕುರ್ಚಿ ಕಡಿದ ದಿನ

ಈಗ ಹೇಳೋದು ಹೇಳಲು ನಾಚಿಕೆಯಾಗುವ ಮಾತು. ಹೇಳದಿದ್ದರೆ ಈ ಅಂಕಣಕ್ಕೆ ಅರ್ಥ ಇಲ್ಲ.

ಶೆಡ್ಡು ಆಗಿತ್ತು, ಕೆಲಸದ ಟೇಬಲ್ ಇನ್ನೂ ಆಗಿರಲಿಲ್ಲ. ಹೊಸ ಗರಗಸ ಬಂದ ಖುಷಿಯಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಹಲಗೆ ಇಟ್ಟು, ನಡುವೆ ಕೊಯ್ಯಲು ಶುರು ಮಾಡಿದೆ. ರೈಲ್ವೆ ದೋಸ್ತ ಬಾಗಿಲಲ್ಲಿ ಚಹಾ ಕುಡಿಯುತ್ತಿದ್ದ. "ಏ, ಗರಗಸದ ಹಿಂದ ನೇರ ನಿಲ್ಲಬ್ಯಾಡ, ಬಾಜು ಸರಿ" ಅಂದ. ಬೇಸರದಿಂದಲೇ ಸರಿದೆ.

ಮುಕ್ಕಾಲು ಭಾಗ ಕೊಯ್ದಿದ್ದೆ. ಹಲಗೆಗೆ ಆಧಾರ ಇದ್ದದ್ದು ಎರಡು ತುದಿಗೆ ಮಾತ್ರ. ಕೊಯ್ದಂತೆಲ್ಲ ನಡು ಕೆಳಗೆ ಬಾಗಿತು, ಕೊಯ್ದ ಸೀಳು ಮೇಲಿನಿಂದ ಮುಚ್ಚಿಕೊಂಡು ತಿರುಗೋ ಬ್ಲೇಡನ್ನು ಹಿಡಿದುಕೊಂಡಿತು. ಗರಗಸ ಒಮ್ಮೆಲೇ ಹಿಂದಕ್ಕೆ ಜಿಗಿಯಿತು. ನಾನು ಒಂದು ನಿಮಿಷ ಮೊದಲು ನಿಂತಿದ್ದ ಜಾಗ ದಾಟಿ ಕುರ್ಚಿಯ ಕೈ ಕಡಿದು ನಿಂತಿತು.

ಯಾರೂ ಮಾತಾಡಲಿಲ್ಲ. ದೋಸ್ತ ಪ್ಲಗ್ ಕಿತ್ತ. ಆ ಕುರ್ಚಿಯನ್ನು ನಾನು ಎಸೆದಿಲ್ಲ, ಶೆಡ್ಡಿನ ಮೂಲೆಯಲ್ಲೇ ಇದೆ.

ಆಮೇಲೆ ನಾವು ಬರೆದು ಗೋಡೆಗೆ ಅಂಟಿಸಿದ ನಿಯಮಗಳು ಇಷ್ಟು. ಕೊಯ್ಯುವ ಹಲಗೆಗೆ ಆಧಾರ ಹೆಂಗಿರಬೇಕೆಂದರೆ ಕೊಯ್ದ ತುಂಡು ತಾನಾಗಿ ಬಿಡಿಸಿಕೊಂಡು ಬೀಳಬೇಕು, ಬ್ಲೇಡನ್ನು ಹಿಚುಕಬಾರದು. ಬ್ಲೇಡಿನ ಸಾಲಿಗೆ ನೇರ ನಿಲ್ಲಬಾರದು. ಬ್ಲೇಡ್ ಬದಲಿಸುವ ಮುಂಚೆ ಪ್ಲಗ್ ಕೀಳಬೇಕು. ತಿರುಗೋ ಬ್ಲೇಡಿನ ಹತ್ತಿರ ಕೈಗೆ ಗ್ಲೌಸ್ ಬೇಡ, ಸಿಕ್ಕಿದರೆ ಕೈಯನ್ನೇ ಎಳೆದುಕೊಳ್ಳುತ್ತದೆ. ಆಂಗಲ್ ಗ್ರೈಂಡರಿಗೆ ಕಟ್ಟಿಗೆ ಕೊಯ್ಯುವ ಹಲ್ಲಿನ ಬ್ಲೇಡ್ ಹಾಕಬಾರದು, ಎಷ್ಟು ಮಂದಿ ವಿಡಿಯೊದಲ್ಲಿ ತೋರಿಸಿದರೂ. ಕಣ್ಣಿಗೆ ಕನ್ನಡಕ, ಮೂಗಿಗೆ ಎನ್95 ಮಾಸ್ಕ್. ಕಟ್ಟಿಗೆ ಧೂಳು ಬರೀ ಸೀನು ತರಿಸೋದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವಾದ ಐಎಆರ್‌ಸಿ 1995ರಲ್ಲೇ ಅದನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ.

ಕಾಕಾ ಬಂದದ್ದು

ನಮ್ಮ ಓಣಿಯ ಕೊನೆಗೆ ಒಬ್ಬ ಬಡಿಗೇರ ಕಾಕಾ ಇದ್ದಾರೆ. ಅರವತ್ತು ದಾಟಿದೆ. ಒಂದು ಕಾಲಕ್ಕೆ ಮನೆ ಕಟ್ಟೋರೆಲ್ಲ ಬಾಗಿಲು ಚೌಕಟ್ಟಿಗೆ ಅವರ ಮನೆ ಮುಂದೆ ನಿಲ್ಲುತ್ತಿದ್ದರು. ಈಗ ಮಂದಿ ರೆಡಿಮೇಡ್ ಬಾಗಿಲು ತರುತ್ತಾರೆ, ಅಡುಗೆಮನೆಗೆ ಮಾಡ್ಯುಲರ್ ಕಂಪನಿಯವರು ಬರುತ್ತಾರೆ. ಕಾಕಾ ಅವರಿಗೆ ಉಳಿದದ್ದು ರಿಪೇರಿ ಕೆಲಸ. ಮಗ ಮೊಬೈಲ್ ಅಂಗಡಿಯಲ್ಲಿದ್ದಾನೆ.

ಕುರ್ಚಿಯ ಸುದ್ದಿ ಹೆಂಗೋ ಅವರ ಕಿವಿಗೆ ಬಿದ್ದು, ನೋಡಲು ಬಂದರು. ಏನೂ ಬೈಯಲಿಲ್ಲ. ಎಡಗೈ ತೋರಿಸಿದರು, ತೋರುಬೆರಳು ಅರ್ಧಕ್ಕೇ ಇತ್ತು. "ಸಾ ಮಿಲ್‌ನ್ಯಾಗ. ಆವಾಗ ನನಗ ನಿನಗಿಂತ ಸಣ್ಣ ವಯಸ್ಸು."

"ಕಾಕಾ, ಶನಿವಾರ ಬಂದು ನಮಗ ಕಲಿಸ್ತೀರೇನ್ರೀ?" ಅಂತ ಕೇಳಿದೆ. ದೋಸ್ತರೆಲ್ಲ ಬಂದು ಪುಕ್ಕಟೆ ಬೆವರು ಸುರಿಸುತ್ತಿದ್ದರಲ್ಲ, ಅದೇ ಗುಂಗಿನಲ್ಲಿ "ಊಟ ನಮ್ಮನ್ಯಾಗ ಮಾಡ್ರಿ" ಅಂತಲೂ ಸೇರಿಸಿದೆ.

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು, "ತಮ್ಮಾ, ನಿನ್ನ ದೋಸ್ತರಿಗೆ ಮಿರ್ಚಿ, ಚಹಾ ಸಾಕು. ಅವರಿಗೆ ಬ್ಯಾರೆ ಪಗಾರ ಐತಿ. ನಿನಗ ಇದು ಹವ್ಯಾಸ, ನನಗ ಹೊಟ್ಟಿ. ಶನಿವಾರ ನಾ ಇಲ್ಲಿ ಬಂದ್ರ ಅವತ್ತಿನ ಕೂಲಿ ಯಾರು ಕೊಡ್ತಾರ?"

ಮಾರಿ ತಗ್ಗಿತು. ಸಾಫ್ಟ್‌ವೇರ್ ಕಲಿಸೋ ಆನ್‌ಲೈನ್ ಕೋರ್ಸಿಗೆ ನಾನು ಚೌಕಾಸಿ ಮಾಡದೆ ದುಡ್ಡು ಕಟ್ಟಿದ್ದೇನೆ. ನಲವತ್ತು ವರ್ಷ ಕೆಲಸ ಮಾಡಿದ ಕೈಯಿಂದ ಕಲಿಯಲು ಊಟ ಸಾಕು ಅಂದುಕೊಂಡಿದ್ದೆ. ಆ ದಿನವೇ ಮಾತಾಯ್ತು. ಹದಿನೈದು ದಿನಕ್ಕೊಂದು ಶನಿವಾರ ಬರುತ್ತಾರೆ, ಆವತ್ತಿನ ಪೂರ್ತಿ ಕೂಲಿ ನಾವು ನಾಲ್ವರು ಹಂಚಿಕೊಂಡು ಕೊಡುತ್ತೇವೆ. ಊಟ ಅದರ ಮೇಲೆ.

ದೋಸ್ತರ ಲೆಕ್ಕ ಬೇರೆ. ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಅಂತ ಇತ್ತು: ಇವತ್ತು ನಿನ್ನ ಹೊಲಕ್ಕೆ ನಾ ಬರ್ತೀನಿ, ನಾಳೆ ನನ್ನ ಹೊಲಕ್ಕೆ ನೀ ಬಾ. ದುಡ್ಡಿನ ಮಾತಿಲ್ಲ, ಆದರೆ ದಿನದ ಲೆಕ್ಕ ಯಾರೂ ಮರೆಯೋದಿಲ್ಲ. ನಾನು ಇಲ್ಲಿವರೆಗೆ ಎಲೆಕ್ಟ್ರಿಷಿಯನ್ ದೋಸ್ತನ ಜಿಎಸ್‌ಟಿ ಫೈಲಿಂಗ್ ಮಾಡಿಕೊಟ್ಟಿದ್ದೇನೆ, ಧಾರವಾಡದವನ ಮನೆ ಶಿಫ್ಟಿಂಗಿಗೆ ಒಂದು ದಿನ ಭಾರ ಹೊತ್ತಿದ್ದೇನೆ. ರೈಲ್ವೆ ದೋಸ್ತನಿಗೆ ಇನ್ನೂ ಬಾಕಿ ಇದೆ. ಅವನ ಮಗಳಿಗೆ ಓದೋ ಟೇಬಲ್ ಬೇಕಂತೆ.

ಮೊದಲ ಪಾಠ: ಉಳಿ ಮಸೆಯೋದು

ಕಾಕಾ ಮೊದಲ ಶನಿವಾರ ಒಂದು ತುಂಡು ಕಟ್ಟಿಗೆಯನ್ನೂ ಕೊಯ್ಯಲು ಬಿಡಲಿಲ್ಲ. ನಾನು ತಂದಿಟ್ಟಿದ್ದ ಸಾಮಾನು ನೋಡಿ ಅರ್ಧ ಬದಿಗಿಟ್ಟರು. ಉಳಿಸಿದ್ದು: ಒಂದು ಕೈಗರಗಸ, ಕಾಲು ಇಂಚು, ಅರ್ಧ ಇಂಚು, ಒಂದು ಇಂಚಿನ ಮೂರು ಉಳಿ, ಒಂದು ಹತ್ತರಿ, ಕೊಡತಿ, ಮೂಲೆಮಟ್ಟ, ಅಳತೆ ಟೇಪು, ಡ್ರಿಲ್, ನಾಲ್ಕು ಕ್ಲ್ಯಾಂಪು. "ಇಷ್ಟರಾಗ ಒಂದು ವರ್ಷ ದುಡಿ. ಆಮ್ಯಾಲೆ ಮಿಷನ್ ಮಾತು."

ಆ ದಿನ ಪೂರ್ತಿ ಉಳಿ ಮಸೆದೆವು. ಹೊಸ ಉಳಿ ಅಂಗಡಿಯಿಂದ ಬಂದಾಗ ಚೂಪಾಗಿರೋದಿಲ್ಲ ಅನ್ನೋದೇ ನನಗೆ ಗೊತ್ತಿರಲಿಲ್ಲ. ಮೊದಲು ಹಿಂಬದಿ ಸಪಾಟು ಆಗುವವರೆಗೆ ಸಾಣೆಕಲ್ಲಿನ ಮೇಲೆ ಉಜ್ಜಬೇಕು. ಆಮೇಲೆ ಇಳಿಜಾರಿನ ಬದಿ, ಸುಮಾರು 25 ಡಿಗ್ರಿ, ಕೈ ಅಲ್ಲಾಡದಂತೆ. ಮುಂಗೈ ಮೇಲಿನ ಕೂದಲು ಬೋಳಿಸಿದರೆ ಚೂಪಾಯ್ತು ಅಂತ. "ಮೊಂಡ ಉಳಿನ ಕೈ ಕೊಯ್ಯೋದು. ಚೂಪು ಇದ್ರ ಜೋರು ಹಾಕೋದು ಬೇಕಾಗಂಗಿಲ್ಲ, ಜಾರಂಗಿಲ್ಲ" ಅಂದರು ಕಾಕಾ.

ಕಟ್ಟಿಗೆ ಎಲ್ಲಿಂದ?

ಕೆಲಸದ ಟೇಬಲಿಗೆ ಕಟ್ಟಿಗೆ ಅಡ್ಡೆಯಿಂದ ಹಲಗೆ ತಂದೆವು. ಅಡ್ಡೆಯಲ್ಲಿ ಲೆಕ್ಕ ಘನ ಅಡಿಯಲ್ಲಿ. ಗಾಬರಿ ಬೇಡ. ದಪ್ಪ ಮತ್ತು ಅಗಲ ಇಂಚಿನಲ್ಲಿ, ಉದ್ದ ಅಡಿಯಲ್ಲಿ ಗುಣಿಸಿ 144ರಿಂದ ಭಾಗಿಸಿ. 2 ಇಂಚು ದಪ್ಪ, 6 ಇಂಚು ಅಗಲ, 6 ಅಡಿ ಉದ್ದದ ಹಲಗೆ ಅಂದರೆ 72, ಭಾಗಿಸಿದರೆ ಅರ್ಧ ಘನ ಅಡಿ. ಈ ಲೆಕ್ಕ ಬಂದರೆ ಅಂಗಡಿಯವರೂ ನಿಮ್ಮ ಜೊತೆ ಬೇರೆ ರೀತಿ ಮಾತಾಡುತ್ತಾರೆ. ದಾಂಡೇಲಿ ನಮಗೆ ಹತ್ತಿರ, ಹಾಗಾಗಿ ಸಾಗವಾನಿಯ ಆಸೆ ಎಲ್ಲರಿಗೂ. ತಗೊಂಡರೆ ಬಿಲ್ ತಪ್ಪದೆ ಇಸ್ಕೊಳ್ಳಿ. ಸಾಗವಾನಿ ಸಾಗಿಸಲು ಅರಣ್ಯ ಇಲಾಖೆಯ ಪಾಸ್ ಬೇಕಾಗುತ್ತದೆ, ಬಿಲ್ ಇಲ್ಲದ ಅಗ್ಗದ ಮಾಲಿನ ಹಿಂದೆ ಹೋಗಬೇಡಿ.

ಅವ್ವನ ಸ್ಟೂಲಿಗೆ ಮಾತ್ರ ನಾವು ಕಟ್ಟಿಗೆ ಕೊಳ್ಳಲಿಲ್ಲ. ಅಣ್ಣಿಗೇರಿ ಕಡೆ ಅವ್ವನ ತವರಿನ ಹಳೇ ಮಾಳಿಗೆ ಮನೆ ಕೆಡವಿದಾಗ ಎರಡು ಜಂತಿ ತಂದು ಹಿತ್ತಲದಲ್ಲಿ ಹಾಕಿದ್ದೆವು. ಹೊಗೆ ಹತ್ತಿ ಕರ್ರಗಾಗಿದ್ದವು. ನಾನು ಸಾಗವಾನಿ ಅಂತ ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಕಾಕಾ ಒಂದು ಸಲ ಹತ್ತರಿ ಹೊಡೆದು, ಹೊಟ್ಟು ಮೂಗಿಗೆ ಹಿಡಿದು, "ಬೇವು" ಅಂದರು. "ಸಾಗವಾನಿ ಅಲ್ಲ ಅಂತ ಬ್ಯಾಸರ ಮಾಡ್ಕೋಬ್ಯಾಡ. ಇಷ್ಟು ವರ್ಷ ಹುಳ ಮುಟ್ಟಿಲ್ಲ ನೋಡು."

ಹಳೇ ಕಟ್ಟಿಗೆಯ ದೊಡ್ಡ ಲಾಭ ಅಂದರೆ ಅದು ಪೂರ್ತಿ ಒಣಗಿರುತ್ತದೆ. ಹಸಿ ಹಲಗೆ ನೆರಳಿನಲ್ಲಿ ಒಣಗಲು ಇಂಚು ದಪ್ಪಕ್ಕೆ ಹೆಚ್ಚುಕಡಿಮೆ ಒಂದು ವರ್ಷ ಬೇಕು ಅನ್ನೋದು ಕೆಲಸದವರ ಲೆಕ್ಕ. ಒಣಗದ್ದರಲ್ಲಿ ಏನು ಮಾಡಿದರೂ ಆಮೇಲೆ ಸೊಟ್ಟಗಾಗುತ್ತದೆ, ಸೀಳುತ್ತದೆ. ಅಪಾಯ ಅಂದರೆ ಒಳಗೆ ಅಡಗಿದ ಮೊಳೆ. ಕೊಯ್ಯುವ ಮುಂಚೆ ಒಂದು ಅಯಸ್ಕಾಂತ ತಗೊಂಡು ಉದ್ದಕ್ಕೂ ಆಡಿಸಿ ನೋಡಿ. ನಮಗೆ ಹನ್ನೊಂದು ಮೊಳೆ ಸಿಕ್ಕವು.

ಮೂರು ಕಾಲೋ, ನಾಲ್ಕು ಕಾಲೋ

ನಾನು ವಿಡಿಯೊ ನೋಡಿ ಮೂರು ಕಾಲಿನ ಸ್ಟೂಲ್ ಅಂತ ತೀರ್ಮಾನಿಸಿದ್ದೆ. ಮೂರು ಕಾಲಿನದು ಎಂಥ ನೆಲದ ಮೇಲೂ ಅಳ್ಳಾಡೋದಿಲ್ಲ, ಒಲೆಯ ಮೂರು ಕಲ್ಲಿನಂತೆ. ಕಾಕಾ ತಲೆ ಅಲ್ಲಾಡಿಸಿದರು. "ಅಳ್ಳಾಡಂಗಿಲ್ಲ ಖರೆ. ಆದ್ರ ನಿಮ್ಮವ್ವ ಬಾಜು ಬಗ್ಗಿ ಹಿಟ್ಟಿನ ಡಬ್ಬಿ ತಗೊಂಡ್ಲು ಅಂದ್ರ ಉರುಳತೈತಿ. ವಯಸ್ಸಾದವರಿಗೆ ನಾಲ್ಕು ಕಾಲ ಬೇಕು. ಅಳ್ಳಾಡದಂಗ ಮಾಡೋದು ನಮ್ಮ ಕೆಲಸ."

ಅಡುಗೆ ಕಟ್ಟೆ 32 ಇಂಚು. ಅವ್ವನನ್ನು ಪುಸ್ತಕಗಳ ಗುಡ್ಡೆಯ ಮೇಲೆ ಕೂರಿಸಿ, ಮೊಣಕೈ ಕಟ್ಟೆಗಿಂತ ಚೂರು ಮೇಲೆ ಬರೋ ತನಕ ಏರಿಸಿ ಇಳಿಸಿ ನೋಡಿದೆವು. 22 ಇಂಚು ಅಂತ ಬಂತು. ಮೊಳೆ ಬೇಡ ಅಂದರು ಕಾಕಾ. ಕಾಲಿಗೆ ಉಳಿಯಿಂದ ಚೌಕ ತೂತು ತೋಡಿ, ಅಡ್ಡಪಟ್ಟಿಯ ತುದಿಯನ್ನು ಅದಕ್ಕೆ ಬಿಗಿಯಾಗಿ ಕೂರಿಸೋ ಜೋಡಣೆ. ಎಂಟು ತೂತಿಗೆ ನನಗೆ ಮೂರು ಶನಿವಾರ ಹಿಡಿಯಿತು. ಪಕ್ಕದ ಮನೆಯ ಬಾಡಿಗೆ ಹುಡುಗ ಕೆಎಎಸ್ ಪರೀಕ್ಷೆಗೆ ಓದುತ್ತಾನೆ, ಹಾಗಾಗಿ ಕೊಡತಿ ಸದ್ದು ಹತ್ತರಿಂದ ಒಂದು ಗಂಟೆಯವರೆಗೆ ಮಾತ್ರ ಅಂತ ಅವನ ಜೊತೆ ಮೊದಲೇ ಮಾತಾಡಿಕೊಂಡಿದ್ದೆ. ಶೆಡ್ಡು ಹಾಕೋರು ನೆರೆಯವರ ಜೊತೆ ಈ ಮಾತನ್ನು ಮೊದಲೇ ಮುಗಿಸೋದು ಒಳ್ಳೇದು.

ಜೋಡಿಸಿದ ಮೇಲೆ ಸ್ಟೂಲು ಅಳ್ಳಾಡಿತು. ಅಳ್ಳಾಡೇ ಆಡುತ್ತದೆ ಅಂದರು ಕಾಕಾ. ಒಂದು ಕಾಲನ್ನು ಚೂರು ಕೊಯ್ಯೋದು, ಇನ್ನೊಂದನ್ನು ಚೂರು ಕೊಯ್ಯೋದು ಮಾಡಿದರೆ ಕೊನೆಗೆ ಮಣೆ ಆಗುತ್ತದೆ. ಸರಿಯಾದ ದಾರಿ ಇದು: ಸಪಾಟಾದ ಪರ್ಶಿಯ ಮೇಲೆ ಸ್ಟೂಲ್ ಇಟ್ಟು, ಗಿಡ್ಡ ಕಾಲಿನ ಕೆಳಗೆ ತೆಳು ಚಕ್ಕೆ ಕೊಟ್ಟು ಮೇಲಿನ ಹಲಗೆ ಮಟ್ಟ ಮಾಡಬೇಕು. ಒಂದು ಸಣ್ಣ ಕಟ್ಟಿಗೆ ತುಂಡಿನ ಮೇಲೆ ಪೆನ್ಸಿಲ್ ಮಲಗಿಸಿ, ಅದನ್ನು ಪರ್ಶಿಯ ಮೇಲೆ ಸರಿಸುತ್ತ ನಾಲ್ಕೂ ಕಾಲಿನ ಸುತ್ತ ಗೆರೆ ಎಳೆಯಬೇಕು. ಆ ಗೆರೆಗೆ ಕೊಯ್ದರೆ ನಾಲ್ಕೂ ಕಾಲು ಒಂದೇ ಮಟ್ಟ. ಐದು ನಿಮಿಷದ ಕೆಲಸ.

ಕೊನೆಗೆ ಅಗಸಿ ಎಣ್ಣೆ. ಅವ್ವನಿಗೆ ಅಗಸಿ ಅಂದರೆ ಚಟ್ನಿ. ಅದರ ಎಣ್ಣೆಯನ್ನು ಕಟ್ಟಿಗೆಗೂ ಹಚ್ಚುತ್ತಾರೆ ಅಂದಾಗ ಆಕೆಗೆ ನಗು. ಪೇಂಟ್ ಅಂಗಡಿಯಲ್ಲಿ ಕಾಯಿಸಿದ ಲಿನ್ಸೀಡ್ ಎಣ್ಣೆ ಅಂತ ಕೇಳಿ, ಬೇಗ ಒಣಗುತ್ತದೆ. ಒಂದು ಎಚ್ಚರ: ಆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಒಗೆಯಬೇಡಿ. ಒಣಗುವಾಗ ತಾನೇ ಬಿಸಿಯಾಗಿ ಬೆಂಕಿ ಹತ್ತಬಹುದು. ಹೊರಗೆ ಬಿಡಿಸಿ ಹರವಿ ಒಣಗಿಸಿ.

ಮಳೆಗಾಲ ಬಂದಾಗ ಇನ್ನೊಂದು ಪಾಠ. ಜುಲೈ ತಂಪಿಗೆ ಉಳಿಗೆಲ್ಲ ತುಕ್ಕು ಹತ್ತಿತು. ಈಗ ಕೆಲಸ ಮುಗಿದ ಮೇಲೆ ಮಷಿನ್ ಎಣ್ಣೆಯ ಬಟ್ಟೆಯಿಂದ ಒರೆಸಿಡುತ್ತೇವೆ. ಕೆಲಸದ ಟೇಬಲಿನ ಡ್ರಾಯರ್ ಬಿಗಿಯಾಯಿತು. ಕಟ್ಟಿಗೆ ತೇವ ಕುಡಿದರೆ ಅಗಲಕ್ಕೆ ಹಿಗ್ಗುತ್ತದೆ, ಉದ್ದಕ್ಕೆ ಹಿಗ್ಗೋದು ಇಲ್ಲ ಅನ್ನುವಷ್ಟು ಕಡಿಮೆ. ನಮ್ಮ ಎರಿ ಮಣ್ಣಿನ ಸ್ವಭಾವವೇ ಇದಕ್ಕೂ.

ಶ್ರಾವಣದ ಒಂದು ಶನಿವಾರ ಸ್ಟೂಲು ಅಡುಗೆಮನೆಗೆ ಹೋಯಿತು. ಅವ್ವ ಕೂತಳು, ಎರಡೂ ಬಾಜು ಬಗ್ಗಿ ನೋಡಿದಳು. "ಇದು ನಮ್ಮಪ್ಪನ ಮನಿ ಜಂತಿ ಹೌದಲ್ಲೊ?" ಅಂತ ಕೈ ಆಡಿಸಿದಳು. ಆಮೇಲೆ, "ಅಳ್ಳಾಡಂಗಿಲ್ಲ, ಚಲೋ ಆಗೇತಿ. ಆದ್ರ ಈ ಮೂಲಿ ಒರಟು ಐತಿ, ಸೀರಿ ಹಿಡೀತೈತಿ."

ಕಾಕಾ ನನ್ನ ಮಾರಿ ನೋಡಿದರು. ನಾನು ಉಜ್ಜುಕಾಗದ ಹುಡುಕಲು ಎದ್ದೆ. "ಕೂಡಪಾ, ಮೊದಲು ಬಿಸಿ ರೊಟ್ಟಿ ತಿನ್ರಿ ಎಲ್ಲಾರೂ" ಅಂದಳು ಅವ್ವ.

ಶೆಡ್ಡಿಗೆ, ಸಾಮಾನಿಗೆ ಎಲ್ಲ ಸೇರಿ ನನಗೆ ಅರವತ್ತು ಸಾವಿರದ ಹತ್ತಿರ ಖರ್ಚಾಗಿದೆ. ಅಷ್ಟು ದುಡ್ಡಿಗೆ ಎಷ್ಟು ಸ್ಟೂಲ್ ಬರುತ್ತಿದ್ದವು ಅಂತ ನೀವು ಲೆಕ್ಕ ಹಾಕಬಹುದು, ನನ್ನ ಹೆಂಡತಿ ಆಗಲೇ ಹಾಕಿದ್ದಾಳೆ. ನಿಮಗೆ ಹಿತ್ತಲ ಇಲ್ಲದಿದ್ದರೆ ಬಾಲ್ಕನಿಯ ಒಂದು ಮೂಲೆ, ಒಂದು ಉಳಿ, ಒಂದು ಸಾಣೆಕಲ್ಲು ಸಾಕು ಶುರು ಮಾಡಲು. ನಿಮ್ಮ ಓಣಿಯಲ್ಲೂ ಒಬ್ಬ ಕಾಕಾ ಇದ್ದೇ ಇರುತ್ತಾರೆ. ಹೋಗಿ ಕೇಳಿ. ಕೇಳುವಾಗ ಕೂಲಿಯ ಮಾತನ್ನು ನೀವೇ ಮೊದಲು ಎತ್ತಿ, ಅವರ ಬಾಯಿಂದ ಬರೋ ತನಕ ಕಾಯಬೇಡಿ.

ಮುಂದಿನ ಶನಿವಾರದಿಂದ ರೈಲ್ವೆ ದೋಸ್ತನ ಮಗಳ ಟೇಬಲು. ಮಹಾನವಮಿಯ ಖಂಡೆ ಪೂಜೆಯೊಳಗೆ ಮುಗಿಸಬೇಕು ಅಂತ ಕಾಕಾ ಗಡುವು ಕೊಟ್ಟಿದ್ದಾರೆ.